ಕೂಸು ಹಿಡಿಯುವವರು



ಸಾಗರದ ಈ ಸಭೆಯಲ್ಲಿ ಇವತ್ತಿನ ಮಾತಿಗೆ ನಾನು ಆರಿಸಿಕೊಂಡ ವಿಷಯ ತಾಯ್ತನ ಮತ್ತು ಉದ್ಯೋಗ. ಇದರ ಬಗ್ಗೆ ಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಬೇಕಾದಷ್ಟು ಬರುತ್ತದೆ. ಬೆಳಿಗ್ಗೆ ಬೇಗ ಏಳಿ, ಹಿಂದಿನ ರಾತ್ರಿಯೇ ತರಕಾರಿ ಹೆಚ್ಚಿಡಿ, ಮನಸ್ಸನ್ನು ಶಾಂತವಾಗಿ ಇಟ್ಟುಕೊಳ್ಳಿ ಎಂಬ ಸಲಹೆಗಳು. ಓದಿದವಳಿಗೆ ಕೊನೆಗೆ ಉಳಿಯುವುದು, ಎಲ್ಲವನ್ನೂ ನಾನೇ ಇನ್ನಷ್ಟು ಚೆನ್ನಾಗಿ ನಿಭಾಯಿಸಬೇಕಿತ್ತು ಎಂಬ ಅಳುಕು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಜಿಲ್ಲೆಯ ಶಾಲೆಗಳಲ್ಲಿ ಪಾಠ ಮಾಡಿದ ನಾನು ಕಂಡದ್ದು ಬೇರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ನಮ್ಮ ಮೂರು ತಾಲ್ಲೂಕುಗಳಲ್ಲಿ ಹೆತ್ತವಳು ಕೆಲಸ ಉಳಿಸಿಕೊಳ್ಳುತ್ತಾಳೋ ಬಿಡುತ್ತಾಳೋ ಎಂಬುದು, ಅವಳು ಹೊರಟು ನಿಂತ ಹೊತ್ತಿಗೆ ಕೂಸು ಹಿಡಿಯಲು ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ. ಆ ‘ಯಾರು’ ಎಂಬುದರ ಬಗ್ಗೆಯೇ ಇವತ್ತು ಮಾತಾಡುತ್ತೇನೆ.

ಮೊದಲು ನಮ್ಮಲ್ಲಿ ‘ಕೆಲಸದ ಜಾಗ’ ಎಂದರೆ ಯಾವುದು ನೋಡೋಣ. ಗಾಜಿನ ಗೋಡೆಯ ಹತ್ತು ಮಹಡಿ ಕಟ್ಟಡ ನಮ್ಮಲ್ಲಿಲ್ಲ. ಐದಾರು ಜನರಿರುವ ಬ್ಯಾಂಕಿನ ಶಾಖೆ ಇದೆ, ಸೇವಾ ಸಹಕಾರಿ ಸಂಘ ಇದೆ, ಒಬ್ಬ ಡಾಕ್ಟರು ನಡೆಸುವ ನರ್ಸಿಂಗ್ ಹೋಮ್ ಇದೆ. ಇಬ್ಬರು ಶಿಕ್ಷಕಿಯರ ಕಿರಿಯ ಪ್ರಾಥಮಿಕ ಶಾಲೆ, ಬಟ್ಟೆ ಅಂಗಡಿ, ಜೆರಾಕ್ಸ್ ಅಂಗಡಿ, ತಾಲ್ಲೂಕು ಕಚೇರಿ, ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಮನೆಗಳಿವೆ. ಎಲ್ಲಕ್ಕಿಂತ ಹೆಚ್ಚು ಹೆಂಗಸರು ದುಡಿಯುವುದು ಅಡಿಕೆ ತೋಟದಲ್ಲಿ, ಗದ್ದೆಯಲ್ಲಿ, ಸುಲಿಯುವ ಚಪ್ಪರದಲ್ಲಿ.

ಈಗ ಕಾನೂನು ಏನು ಹೇಳುತ್ತದೆ ಎಂದು ನೋಡಿ. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಕಾರ್ಖಾನೆಯ ಹೆಂಗಸರಿಗೆ ಹೆರಿಗೆ ಭತ್ಯೆ ಕೊಡಬೇಕೆಂಬ ಮಸೂದೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತಾಡಿದರು. ಹೆರುವ ಕಾಲದ ಈ ವಿಶ್ರಾಂತಿ ನಾಡಿನ ಹಿತಕ್ಕಾಗಿ ಇರುವುದರಿಂದ ಅದರ ಖರ್ಚಿನ ಬಹುಭಾಗವನ್ನು ಸರ್ಕಾರ ಹೊರಬೇಕು ಎಂದು ಅವರು ಆಗಲೇ ಹೇಳಿದ್ದರು. 1929ರಲ್ಲಿ ಮುಂಬಯಿ ಕಾಯ್ದೆ ಬಂತು, 1961ರಲ್ಲಿ ಇಡೀ ದೇಶಕ್ಕೆ ಹೆರಿಗೆ ಸೌಲಭ್ಯ ಕಾಯ್ದೆ ಬಂತು. 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಿ ಬರಬಹುದು ಎಂದೂ ಸೇರಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಹಳೆಯ ಕಾಯ್ದೆ ಅದರೊಳಗೆ ಸೇರಿಕೊಂಡಿದೆ. 26 ವಾರವೂ 50 ನೌಕರರ ಲೆಕ್ಕವೂ ಹಾಗೇ ಮುಂದುವರಿದಿವೆ.

ಒಳ್ಳೆಯ ಕಾನೂನು. ಇದಕ್ಕಾಗಿ ಹೋರಾಡಿದವರಿಗೆ ಕೈಮುಗಿಯುತ್ತೇನೆ. ಆದರೆ ಸಾಗರದ ಪೇಟೆಯಲ್ಲಿ ಒಂದು ಸುತ್ತು ಹಾಕಿ, ಐವತ್ತು ಜನ ಕೆಲಸ ಮಾಡುವ ಜಾಗ ಎಷ್ಟು ಸಿಗುತ್ತದೆ ಹೇಳಿ. ಹೊಸನಗರದಲ್ಲಿ? ರಿಪ್ಪನ್‌ಪೇಟೆಯಲ್ಲಿ? ಕೋಣಂದೂರಿನಲ್ಲಿ? ಶಿಶುಪಾಲನಾ ಕೇಂದ್ರದ ಹಕ್ಕು ಕಾಗದದ ಮೇಲೆ ನಮ್ಮ ಹೆಣ್ಣುಮಕ್ಕಳಿಗೂ ಇದೆ, ಅದನ್ನು ಕೇಳುವ ಬಾಗಿಲು ಮಾತ್ರ ಇಲ್ಲ. ರಜೆಯ ಸಂಬಳವನ್ನೂ, ಇ.ಎಸ್.ಐ. ಇಲ್ಲದ ಕಡೆ, ಪೂರ್ತಿ ಮಾಲೀಕರೇ ಕೊಡಬೇಕು. ನಾಲ್ಕು ಜನ ನರ್ಸುಗಳನ್ನು ಇಟ್ಟುಕೊಂಡ ಸಣ್ಣ ಆಸ್ಪತ್ರೆಗೆ ಒಬ್ಬಳ ಆರು ತಿಂಗಳ ಸಂಬಳ, ಅವಳ ಜಾಗಕ್ಕೆ ಬಂದವಳ ಸಂಬಳ ಎರಡೂ ಭಾರವೇ. ಅದಕ್ಕೇ ಸಂದರ್ಶನದಲ್ಲಿ “ಮದುವೆ ಯಾವಾಗ?” ಎಂಬ ಪ್ರಶ್ನೆ ಬರುತ್ತದೆ. ಮಾಲೀಕರಿಗೆ ಏಳು ವಾರದ ಸಂಬಳವನ್ನು ಸರ್ಕಾರ ಮರಳಿಸುವ ಯೋಚನೆ ಇದೆ ಎಂದು 2018ರಲ್ಲಿ ಕೇಂದ್ರದ ಕಾರ್ಮಿಕ ಸಚಿವಾಲಯ ಹೇಳಿತ್ತು. ಅದು ಯೋಚನೆಯಾಗಿಯೇ ಉಳಿಯಿತು. 1928ರಲ್ಲಿ ಅಂಬೇಡ್ಕರ್ ಬೆರಳಿಟ್ಟು ತೋರಿಸಿದ ಜಾಗದಲ್ಲೇ ಕಾನೂನು ಇನ್ನೂ ಸೋರುತ್ತಿದೆ.

ಇದು ಸಂಬಳದ ಹಾಳೆಯಲ್ಲಿ ಹೆಸರಿರುವವರ ಕಥೆ. ಹೆಸರಿಲ್ಲದವರ ಕಡೆ ಬನ್ನಿ.

ದೀಪಾವಳಿಯ ಆಚೀಚೆ ಅಡಿಕೆಯ ಕೊನೆ ಕೊಯ್ಲು ಜೋರಾದ ಮೇಲೆ ನಮ್ಮ ಊರುಗಳ ರಾತ್ರಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಕೊಯ್ದ ಹಸಿ ಅಡಿಕೆ ಕಾಯುವುದಿಲ್ಲ. ಒಂದೆರಡು ದಿನದಲ್ಲಿ ಸುಲಿದು ಬೇಯಿಸಲೇಬೇಕು. ಹಗಲು ಬೇರೆ ಕೂಲಿಗೆ ಹೋಗಿ ಬಂದ ಹೆಂಗಸರು ಮನೆಯ ಅಡುಗೆ ಮುಗಿಸಿ ಸಂಜೆಗೆ ಮೆಟ್ಟುಗತ್ತಿಯ ಮೇಲೆ ಕೂರುತ್ತಾರೆ. ರಾತ್ರಿ ಹನ್ನೊಂದಾಗಬಹುದು, ಹನ್ನೆರಡಾಗಬಹುದು. ಸುಲಿದಷ್ಟಕ್ಕೆ ಕೂಲಿ. ಚಪ್ಪರದ ಗಳುವಿಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ, ಒಂದು ಕಾಲಿನಲ್ಲಿ ಜೋಲಿಯ ಹಗ್ಗ ಎಳೆಯುತ್ತ ಎರಡು ಕೈಯಲ್ಲಿ ಅಡಿಕೆ ಸುಲಿಯುವ ತಾಯಂದಿರನ್ನು ನಾನು ನೋಡಿದ್ದೇನೆ. ಕತ್ತಿ ಹರಿತ, ಬೆಳಕು ಕಡಿಮೆ, ಮಗು ಎದ್ದರೆ ಎದೆಗೆ ಹಾಕಿಕೊಂಡೇ ಮತ್ತೆ ಕತ್ತಿಗೆ ಕೈ. ಈಗ ಸುಲಿಯುವ ಯಂತ್ರಗಳು ಬಂದಿವೆ. ಯಂತ್ರ ಬಂದ ಮನೆಯಲ್ಲಿ ಹೆಂಗಸರ ಆ ಕೂಲಿಯೂ ಹೋಗಿದೆ, ಬರದ ಮನೆಯಲ್ಲಿ ಜೋಲಿ ಹಾಗೇ ಇದೆ.

ಈ ತಾಯಿಗೆ ಹೆರಿಗೆ ರಜೆ ಎಲ್ಲಿಂದ ಬರಬೇಕು? ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಒಬ್ಬ ಮಾಲೀಕರ ಬಳಿ 80 ದಿನ ದುಡಿದಿರಬೇಕು ಎನ್ನುತ್ತದೆ ಕಾನೂನು. ಇವತ್ತು ಭಟ್ಟರ ಮನೆ, ನಾಳೆ ಗೌಡರ ಮನೆ, ನಾಡಿದ್ದು ನಾಯ್ಕರ ತೋಟ ಎಂದು ಹೋಗುವವಳಿಗೆ ಯಾರು ಮಾಲೀಕರು? ಅವಳಿಗೆ ಸಿಗುವುದು ಮಾತೃವಂದನಾ ಯೋಜನೆಯ 5,000 ರೂಪಾಯಿ, ಅದೂ ಮೊದಲ ಮಗುವಿಗೆ, ಎರಡನೆಯದು ಹೆಣ್ಣಾದರೆ ಇನ್ನೊಮ್ಮೆ 6,000. ಆದರೆ ಪ್ರತಿ ಗರ್ಭಿಣಿಗೂ 6,000ಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕೆಂದು 2013ರ ಆಹಾರ ಭದ್ರತಾ ಕಾಯ್ದೆಯೇ ಹೇಳಿದೆ. ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 2025-26ರಲ್ಲಿ 370 ರೂಪಾಯಿ ಇತ್ತು. ಭಾಗಿಸಿ ನೋಡಿದರೆ ಆ ಐದು ಸಾವಿರ ಹದಿನಾಲ್ಕು ದಿನದ ಕೂಲಿಯೂ ಆಗುವುದಿಲ್ಲ. ಒಬ್ಬಳಿಗೆ 26 ವಾರ, ಇನ್ನೊಬ್ಬಳಿಗೆ ಎರಡು ವಾರಕ್ಕೂ ಕಡಿಮೆ. ತಮಿಳುನಾಡಿನಲ್ಲಿ ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಬಡ ತಾಯಂದಿರಿಗೆ 18,000 ರೂಪಾಯಿಯ ನೆರವು ಇದೆ. ನೆರೆಯ ರಾಜ್ಯಕ್ಕೆ ಆಗುವುದು ನಮಗೇಕೆ ಆಗಬಾರದು ಎಂದು ನಾವು ಗಟ್ಟಿಯಾಗಿ ಕೇಳಿಯೇ ಇಲ್ಲ.

“ಹಿಂದೆ ಇದೆಲ್ಲ ತೊಂದರೆ ಇರಲಿಲ್ಲ, ತುಂಬಿದ ಮನೆ ಇತ್ತು, ಮಕ್ಕಳು ಹೇಗೋ ಬೆಳೆಯುತ್ತಿದ್ದವು” ಎಂಬ ಮಾತು ಇಂಥ ಸಭೆಗಳಲ್ಲಿ ತಪ್ಪದೆ ಬರುತ್ತದೆ. ಹೇಗೋ ಬೆಳೆಯಲಿಲ್ಲ. ಯಾರೋ ಬೆಳೆಸಿದರು. ಆ ಯಾರೋ ಎಂಥವರು ಎಂದು ತಿಳಿಯಬೇಕಾದರೆ ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಬೇಕು. 1976ರ ಕಾದಂಬರಿ, 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಬಾಲ್ಯದಲ್ಲೇ ವಿಧವೆಯಾದವಳು ದೊಡ್ಡ ಮನೆಯ ಕೆಲಸಕ್ಕೆಲ್ಲ ಹೆಗಲು ಕೊಡುತ್ತ, ಊರವರ ಹೆರಿಗೆಗೂ ಕೈಯಾಗುತ್ತ ಬದುಕು ಸವೆಸಿದ ಕಥೆ. ನಮ್ಮ ತೊಟ್ಟಿಮನೆಗಳಲ್ಲಿ ಬಾಣಂತಿಗೆ ನೀರು ಹಾಕಿದವರು, ಕೂಸಿಗೆ ಎಣ್ಣೆ ಹಚ್ಚಿದವರು, ರಾತ್ರಿ ಅಳುವ ಮಗುವನ್ನು ಭುಜಕ್ಕೆ ಹಾಕಿಕೊಂಡು ಜಗುಲಿಯಲ್ಲಿ ಓಡಾಡಿದವರು ಎಷ್ಟೋ ಸಲ ಇಂಥ ಹೆಣ್ಣುಮಕ್ಕಳು. ಅವರಿಗೆ ಬೇರೆ ದಾರಿ ಇರಲಿಲ್ಲ. ಕೂಡುಕುಟುಂಬದ ನೆಮ್ಮದಿಯ ಅಡಿಯಲ್ಲಿ ಅವರ ಬಾಳು ಹೂತುಹೋಗಿದೆ. ಆ ವ್ಯವಸ್ಥೆ ಮರಳಿ ಬರಲಿ ಎಂದು ಹಂಬಲಿಸುವವರು ಮೊದಲು ಇದನ್ನು ನೆನೆಯಬೇಕು.

ಇಂದಿರಾ ಅವರದೇ ಬದುಕನ್ನು ನೋಡಿ. ಏಳು ವರ್ಷದ ಶಾಲೆ, ಹನ್ನೆರಡನೆಯ ವಯಸ್ಸಿಗೆ ಮದುವೆ, ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ, ನಲವತ್ತೈದರ ಆಸುಪಾಸಿನಲ್ಲಿ. ಅವರ ಬರವಣಿಗೆಗೆ ಸ್ಫೂರ್ತಿಯಾದ ತ್ರಿವೇಣಿ ಅದೇ 1963ರ ಜುಲೈನಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇನ್ನೂ 35 ತುಂಬಿರಲಿಲ್ಲ. ಹತ್ತು ವರ್ಷದಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಕೊಟ್ಟ ಕೈ ಅದು. ಒಬ್ಬರ ಬರವಣಿಗೆ ಸಂಸಾರದ ಹೊರೆ ಹಗುರಾಗುವ ವಯಸ್ಸಿನಲ್ಲಿ ಶುರುವಾಯಿತು, ಇನ್ನೊಬ್ಬರದು ಬಾಣಂತಿಕೋಣೆಯಲ್ಲಿ ನಿಂತುಹೋಯಿತು. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಇಬ್ಬರ ಹೆಸರೂ ಇದೆ. ಇಬ್ಬರೂ ಬರೆಯದೆ ಉಳಿಸಿದ ಪುಸ್ತಕಗಳ ಲೆಕ್ಕ ಎಲ್ಲೂ ಇಲ್ಲ, ಅದು ನನ್ನನ್ನು ಬಹಳ ಕಾಡುತ್ತದೆ.

ಇವತ್ತಿಗೆ ಬರೋಣ. ಇವತ್ತು ಕೂಸು ಹಿಡಿಯುವವಳು ಅಜ್ಜಿ.

ಸಾಗರದ ಇಂದಿರಾಗಾಂಧಿ ಸರ್ಕಾರಿ ಮಹಿಳಾ ಕಾಲೇಜಿನಿಂದ, ಹೊಸನಗರದ ಕೊಡಚಾದ್ರಿ ಕಾಲೇಜಿನಿಂದ, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯದಿಂದ ಹೊರಬಂದ ಹುಡುಗಿಯರಲ್ಲಿ ಬಹಳ ಮಂದಿ ಬೆಂಗಳೂರು ಸೇರುತ್ತಾರೆ. ಮದುವೆಯಾಗುತ್ತದೆ, ಮಗುವಾಗುತ್ತದೆ, ರಜೆ ಮುಗಿಯುತ್ತದೆ. ಆಗ ಊರಿಗೆ ಫೋನು ಬರುತ್ತದೆ: “ಅಮ್ಮಾ, ಒಂದಾರು ತಿಂಗ್ಳು ಬಾ.” ಅಮ್ಮ ಹೊರಡುತ್ತಾಳೆ. ಹಿಂಬದಿಯ ಕೊಟ್ಟಿಗೆಯ ದನವನ್ನು ಯಾರಿಗೋ ಒಪ್ಪಿಸಿ, ಗಂಡನಿಗೆ ಅನ್ನ ಮಾಡುವುದನ್ನು ಕಲಿಸಿ, ಮಂಡಿನೋವಿನ ಎಣ್ಣೆಯನ್ನು ಚೀಲಕ್ಕೆ ಹಾಕಿಕೊಂಡು ರಾತ್ರಿ ಬಸ್ಸಿಗೆ ಹತ್ತುತ್ತಾಳೆ. ಅವಳ ಸರದಿ ಮುಗಿದರೆ ಬೀಗಿತ್ತಿಯ ಸರದಿ. ಮಗಳು ಅಮೆರಿಕದಲ್ಲಿದ್ದರೆ ವೀಸಾದ ಆರು ತಿಂಗಳು ಇವರು, ನಂತರದ ಆರು ತಿಂಗಳು ಅವರು. ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಅರವತ್ತೈದು ದಾಟಿದ ಹೆಂಗಸರು ಕ್ಯಾಲಿಫೋರ್ನಿಯಾದ ಹಿಮವಿಲ್ಲದ ಚಳಿಗೂ ನ್ಯೂಜೆರ್ಸಿಯ ಹಿಮಕ್ಕೂ ಹೀಗೆ ಹೋಗಿ ಬಂದಿದ್ದಾರೆ! ಊರಲ್ಲಿ ಉಳಿದ ಅಜ್ಜ ಒಬ್ಬರೇ ಬಿದ್ದು ಕಾಲು ಮುರಿದುಕೊಂಡ ಸುದ್ದಿಯನ್ನೂ ನಾವು ಕೇಳಿದ್ದೇವೆ.

ಪ್ರೀತಿಯಿಂದ ಹೋಗುತ್ತಾರೆ, ನಿಜ. ಮೊಮ್ಮಗುವಿನ ಮೈಯ ವಾಸನೆಗೆ ಸಮಾನವಾದದ್ದು ಯಾವುದೂ ಇಲ್ಲ. ಆದರೆ ಪ್ರೀತಿ ಇದೆ ಎಂದ ಮಾತ್ರಕ್ಕೆ ಅದು ದುಡಿಮೆಯಲ್ಲ ಎನ್ನಲಾಗದು. ತನ್ನ ಮಕ್ಕಳನ್ನು ಸಾಕಿ, ಅತ್ತೆ ಮಾವನ ಸೇವೆ ಮಾಡಿ, ಈಗ ಸ್ವಲ್ಪ ಕೂರೋಣ ಎನ್ನುವ ಹೊತ್ತಿಗೆ ಮತ್ತೆ ರಾತ್ರಿ ನಿದ್ದೆಗೆಡುವ ಕೆಲಸ ಅವಳಿಗೆ ಬರುತ್ತದೆ. ದೇಶದ ಐ.ಟಿ. ಉದ್ಯಮದ ಲೆಕ್ಕದಲ್ಲಿ ಈ ಅಜ್ಜಿಯರ ಹೆಸರು ಎಲ್ಲೂ ಇಲ್ಲ.

ನನ್ನ ವಿಷಯವನ್ನೂ ಹೇಳಬೇಕು. ಮಗಳು ಹುಟ್ಟಿದಾಗ ನಾನು ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ನಮ್ಮತ್ತೆ ಅವಳನ್ನು ಸಾಕಿದರು. ನನಗೆ ಬಂದ ‘ಉತ್ತಮ ಶಿಕ್ಷಕಿ’ ಎಂಬ ಹೊಗಳಿಕೆಯ ಅರ್ಧಪಾಲು ಅವರಿಗೆ ಸೇರಬೇಕು, ಪಿಂಚಣಿಯಲ್ಲೂ ಅರ್ಧ ಸೇರಬೇಕಿತ್ತು. ನಿವೃತ್ತಿಯ ಸನ್ಮಾನಕ್ಕೆ ಅವರು ಇರಲಿಲ್ಲ. ಅದಕ್ಕೇ ಇವತ್ತು ಈ ವೇದಿಕೆಯಲ್ಲಿ ಹೇಳುತ್ತಿದ್ದೇನೆ.

ಅತ್ತೆ ಇಲ್ಲದವರು, ಇದ್ದರೂ ಕಾಯಿಲೆಯಾದವರು, ಬೇರೆ ಊರಿನಿಂದ ವರ್ಗವಾಗಿ ಬಂದವರು ಏನು ಮಾಡುತ್ತಾರೆ? ಶರಾವತಿಯ ಹಿನ್ನೀರಿನ ಆಚೆ ತುಮರಿಯ ಕಡೆ ಕೆಲಸ ಮಾಡಿದ ಶಿಕ್ಷಕಿಯರನ್ನು, ನರ್ಸುಗಳನ್ನು ಕೇಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಕರೂರು, ಬಾರಂಗಿ ಹೋಬಳಿಗಳಿಗೆ ಸಾಗರದಿಂದ ಹತ್ತಿರದ ದಾರಿ ಎಂದರೆ ಲಾಂಚು ಆಗಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಮಗು ಆ ದಡದಲ್ಲಿ, ತಾಯಿ ಈ ದಡದಲ್ಲಿ. ಎದೆಹಾಲು ಕುಡಿಯುವ ಕೂಸನ್ನು ಬಿಟ್ಟು ಹೋಗುವವರಿಗೆ ಹಾಜರಿ ಪುಸ್ತಕದ ಸಹಿಗಿಂತ ಲಾಂಚಿನ ಸಮಯವೇ ದೊಡ್ಡ ಭಯವಾಗಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಸಿಗಂದೂರಿಗೆ ಹೋಗುವ ಭಕ್ತರಿಗೆ ಅನುಕೂಲವಾಯಿತು ಎಂದು ಎಲ್ಲರೂ ಬರೆದರು. ನನ್ನ ಕಣ್ಣಿಗೆ ಅದು ಆರು ದಶಕದ ನಂತರ ದುಡಿಯುವ ತಾಯಂದಿರಿಗೆ ಸಿಕ್ಕ ನ್ಯಾಯ. ರಸ್ತೆ, ಬಸ್ಸು, ಸೇತುವೆ ಇವೆಲ್ಲ ತಾಯ್ತನದ ವಿಷಯಗಳೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ. ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ಟು ತೆಗೆಯಲೇಬೇಕು. ಅದಕ್ಕಿಂತ ಮುಖ್ಯವಾಗಿ, ಸಂಜೆ ಐದೂವರೆಗೆ ಕೆಲಸ ಬಿಟ್ಟವಳಿಗೆ ಹಳ್ಳಿಗೆ ಹೋಗುವ ಬಸ್ಸು ಬೇಕು.

ಬ್ಯಾಂಕಿನಲ್ಲಿ ಗುಮಾಸ್ತೆಯಾಗಿರುವ ಹೆಣ್ಣುಮಕ್ಕಳು ಪ್ರಮೋಷನ್ ಬೇಡ ಎಂದು ಹಿಂದೆ ಸರಿಯುವುದನ್ನು ನೀವು ಕಂಡಿರುತ್ತೀರಿ. ಪ್ರಮೋಷನ್ ಎಂದರೆ ವರ್ಗ, ವರ್ಗ ಎಂದರೆ ಕೂಸು ಹಿಡಿಯುವವರಿಲ್ಲದ ಊರು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಹಳೆಯ ದಾಖಲೆಗಳನ್ನು ಜಾಲಾಡಿ ಇದನ್ನೇ ತೋರಿಸಿದರು. ಒಂದೇ ಓದು ಓದಿ ಒಂದೇ ಕೆಲಸಕ್ಕೆ ಸೇರಿದ ಗಂಡು ಹೆಣ್ಣಿನ ಗಳಿಕೆ ಮೊದಲ ಮಗುವಿನ ನಂತರ ಬೇರೆಯಾಗುತ್ತ ಹೋಗುತ್ತದೆ. ಹಗಲುರಾತ್ರಿ ಎನ್ನದೆ ಲಭ್ಯವಿರುವವರಿಗೇ ಹೆಚ್ಚು ಕೊಡುವ ಕೆಲಸಗಳಲ್ಲಿ ಆ ಅಂತರ ಇನ್ನೂ ದೊಡ್ಡದು.

ಸರ್ಕಾರದ ಕೈಯಲ್ಲಿರುವ ಅತ್ಯಂತ ದೊಡ್ಡ ಸಾಧನ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದಾಗ ನಮ್ಮ ರಾಜ್ಯದಲ್ಲಿ ತಿ. ನರಸೀಪುರದಿಂದ ಅದು ಆರಂಭವಾಯಿತು. ಈಗ ಪ್ರತಿ ಊರಿನಲ್ಲೂ ಇದೆ. ಆದರೆ ಅದು ಕೂರಿಸಿಕೊಳ್ಳುವುದು ಮೂರು ತುಂಬಿದ ಮಕ್ಕಳನ್ನು. ಆರು ತಿಂಗಳ ರಜೆ ಮುಗಿದಾಗಿನಿಂದ ಮೂರು ವರ್ಷದವರೆಗಿನ ಕೂಸಿಗೆ ಮನೆಗೆ ಒಯ್ಯುವ ಆಹಾರದ ಪೊಟ್ಟಣ ಬಿಟ್ಟರೆ ಜಾಗವಿಲ್ಲ. ಸಂಜೆ ನಾಲ್ಕಕ್ಕೆ ಬಾಗಿಲು ಹಾಕುತ್ತದೆ, ತಾಯಿಯ ಕೆಲಸ ಐದೂವರೆಗೆ ಮುಗಿಯುತ್ತದೆ. ಜುಲೈ ತಿಂಗಳು ಬಂತೆಂದರೆ ಇನ್ನೊಂದು ಕಷ್ಟ. ಹುಲಿಕಲ್, ಆಗುಂಬೆ, ನಗರ ಎಂಬ ಊರುಗಳ ಮಳೆಗೆ ಬೆಳಿಗ್ಗೆ ಏಳಕ್ಕೆ ವಾಟ್ಸಾಪಿನಲ್ಲಿ ಸುದ್ದಿ ಬರುತ್ತದೆ: ಇಂದು ಶಾಲೆ, ಅಂಗನವಾಡಿಗೆ ರಜೆ. ಮಕ್ಕಳ ಜೀವ ದೊಡ್ಡದು, ರಜೆ ಕೊಡಲೇಬೇಕು. ಆದರೆ ಬ್ಯಾಂಕಿಗೆ ರಜೆಯಿಲ್ಲ, ಆಸ್ಪತ್ರೆಗೆ ರಜೆಯಿಲ್ಲ, ನಾಟಿಗೆ ರಜೆಯಿಲ್ಲ. ಏಳರಿಂದ ಎಂಟೂವರೆಯೊಳಗೆ ಆ ತಾಯಿ ಎಷ್ಟು ಮನೆಗೆ ಫೋನು ಮಾಡುತ್ತಾಳೆ ಎಂಬುದನ್ನು ರಜೆ ಘೋಷಿಸುವ ಕಚೇರಿ ಒಮ್ಮೆ ಯೋಚಿಸಬೇಕು.

ಇನ್ನು ಆ ಅಂಗನವಾಡಿ ಟೀಚರ್, ಆ ಸಹಾಯಕಿ, ಆಶಾ ಕಾರ್ಯಕರ್ತೆ? ಅವರೂ ತಾಯಂದಿರು. 2019ರಲ್ಲಿ ಅರಳಗೋಡಿನಲ್ಲಿ ಮಂಗನ ಕಾಯಿಲೆಗೆ ಸಾವುಗಳಾದಾಗ ಮನೆಮನೆ ಸುತ್ತಿ ಲಸಿಕೆಗೆ ಜನರನ್ನು ಒಪ್ಪಿಸಿದವರಲ್ಲಿ, ಮೈಗೆ ಹಚ್ಚುವ ಎಣ್ಣೆ ಹಂಚಿದವರಲ್ಲಿ ಆಶಾ ಕಾರ್ಯಕರ್ತೆಯರು ಮುಂದಿದ್ದರು. ಅವರು ಕಾಡಂಚಿನ ಮನೆಗಳಿಗೆ ನಡೆಯುವಾಗ ಅವರ ಮಕ್ಕಳು ಯಾರ ಮನೆಯಲ್ಲಿದ್ದವು? ಈ ನಾಡಿನ ಮಕ್ಕಳನ್ನೆಲ್ಲ ನೋಡಿಕೊಳ್ಳುವವರಿಗೆ ನಾವು ಸಂಬಳವನ್ನೂ ಕೊಡುವುದಿಲ್ಲ, ಗೌರವಧನ ಕೊಡುತ್ತೇವೆ. ಅಂಗನವಾಡಿ ನೌಕರರಿಗೆ ಗ್ರಾಚ್ಯುಟಿಯ ಹಕ್ಕಿದೆ ಎನ್ನುವುದಕ್ಕೂ 2022ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರಬೇಕಾಯಿತು.

ಸಮಾಧಾನದ ಸುದ್ದಿಯೂ ಇದೆ. 2021ರ ಮಾರ್ಚ್ 8ರ ಬಜೆಟ್ಟಿನಲ್ಲಿ, ಆಗ ಮುಖ್ಯಮಂತ್ರಿಯಾಗಿದ್ದ ನಮ್ಮ ಜಿಲ್ಲೆಯ ಬಿ.ಎಸ್. ಯಡಿಯೂರಪ್ಪ ಅವರು ರಾಜ್ಯದ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆಯನ್ನು ಪ್ರಕಟಿಸಿದರು. ಕೇಂದ್ರ ನೌಕರರಿಗೆ 2008ರಿಂದಲೇ 730 ದಿನವಿತ್ತು. ಇದಕ್ಕಿಂತ ನನಗೆ ಹೆಚ್ಚು ಭರವಸೆ ಕೊಟ್ಟದ್ದು 2023-24ರ ಬಜೆಟ್ಟಿನ ‘ಕೂಸಿನ ಮನೆ’. 4,000 ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ ಹಗಲಿನ ಆಸರೆ, ನೋಡಿಕೊಳ್ಳುವ ಹೆಂಗಸರಿಗೆ ತರಬೇತಿ, ಅವರಿಗೂ ಕೂಲಿ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿಯೇ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಲು ಒಬ್ಬಳನ್ನು ನೇಮಿಸಬೇಕು ಎಂದಿತ್ತು. ಕೂಸು ಹಿಡಿಯುವುದೂ ಒಂದು ಕೆಲಸ, ಅದಕ್ಕೂ ಕೂಲಿ ಸಲ್ಲಬೇಕು ಎಂದು ಸರ್ಕಾರಿ ಕಾಗದವೊಂದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಆದರೆ ಬಯಲುಸೀಮೆಗೆ ಹೊಲಿದ ಅಂಗಿ ಮಲೆನಾಡಿಗೆ ಆಗುವುದಿಲ್ಲ. 2017ರ ಅಕ್ಟೋಬರಿನಲ್ಲಿ ‘ಮಾತೃಪೂರ್ಣ’ ಬಂತು. ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕು ಎಂದು. ಉದ್ದೇಶ ತುಂಬ ಒಳ್ಳೆಯದು. ನಮ್ಮಲ್ಲಿ ಮನೆಗಳು ಒಂದೊಂದು ಗುಡ್ಡಕ್ಕೆ ಒಂದೊಂದು. ಏಳು ತಿಂಗಳ ಬಸುರಿ ಊಟಕ್ಕೆಂದು ಸಂಕ ದಾಟಿ, ಗುಡ್ಡ ಇಳಿದು, ಉಂಡು ಮತ್ತೆ ಗುಡ್ಡ ಹತ್ತಬೇಕೇ? ಬಹಳ ಮಂದಿ ಹೋಗಲಿಲ್ಲ. ಕೂಸಿನ ಮನೆಗೂ ಅದೇ ಗತಿ ಬರಬಾರದು. ಪಂಚಾಯಿತಿಗೆ ಒಂದು ಕೇಂದ್ರ ಎಂದರೆ ನಮ್ಮಲ್ಲಿ ಕೆಲವರಿಗೆ ಆರೇಳು ಕಿಲೋಮೀಟರ್ ದೂರ.

ನನ್ನ ಸಲಹೆ ಇದು. ನಾಲ್ಕೈದು ಮನೆಗಳ ಗುಂಪಿಗೆ, ಒಂದು ಕೇರಿಗೆ, ತರಬೇತಿ ಪಡೆದ ಒಬ್ಬ ಹೆಂಗಸಿನ ಮನೆಯೇ ಕೂಸಿನ ಮನೆಯಾಗಲಿ. ಮೂರೋ ನಾಲ್ಕೋ ಮಕ್ಕಳು, ಅದಕ್ಕಿಂತ ಹೆಚ್ಚು ಬೇಡ. ಮನೆಯನ್ನು ಆರೋಗ್ಯ ಇಲಾಖೆಯವರು ನೋಡಿ ಒಪ್ಪಬೇಕು. ಬಾವಿಗೆ ಕಟ್ಟೆ, ಅಡುಗೆ ಒಲೆಗೆ ತಡೆ, ಶೌಚಾಲಯ, ಹಾಲು ಕಾಯಿಸುವ ಪಾತ್ರೆ ಬೇರೆ. ಫ್ರಾನ್ಸಿನಲ್ಲಿ ಹೀಗೆ ತಮ್ಮ ಮನೆಯಲ್ಲೇ ನಾಲ್ಕು ಮಕ್ಕಳವರೆಗೆ ನೋಡಿಕೊಳ್ಳುವ, ಸರ್ಕಾರದ ಮಾನ್ಯತೆ ಪಡೆದ ಆಯಾಗಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಲ್ಲಿನ ಪುಟ್ಟ ಮಕ್ಕಳ ಪಾಲನೆಯಲ್ಲಿ ಅವರ ಪಾಲು ದೊಡ್ಡದು. ನಮ್ಮ ಕೇರಿಗಳಲ್ಲಿ ಇದು ಹೊಸದೂ ಅಲ್ಲ. ಪಕ್ಕದ ಮನೆಯ ಅಕ್ಕನ ಹತ್ತಿರ ಮಗು ಬಿಟ್ಟು ಹೋಗುವುದು ಈಗಲೂ ನಡೆದೇ ಇದೆ. ಆ ಅಕ್ಕನಿಗೆ ತರಬೇತಿ, ಕೂಲಿ, ಗುರುತು ಮೂರೂ ಸಿಗಬೇಕು. ಇಲ್ಲದಿದ್ದರೆ ನಾವು ಫಣಿಯಮ್ಮನ ಕಾಲವನ್ನೇ ಹೊಸ ಹೆಸರಿನಲ್ಲಿ ನಡೆಸಿದಂತೆ.

ಕೆಲಸವನ್ನೇ ಮನೆಯ ಹತ್ತಿರ ತರುವ ದಾರಿಯೂ ಇದೆ. ಇಲ್ಲೇ ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಶುರುವಾದ ‘ಚರಕ’ ಮಹಿಳಾ ಸಹಕಾರ ಸಂಘ ಅದನ್ನು ಮಾಡಿ ತೋರಿಸಿತು. ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ನಡೆದು ಬಂದು ನೇಯ್ದರು, ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣದಲ್ಲಿ ನೂಲು ಅದ್ದಿದರು, ಹೊಲಿದರು. ಆ ಬಟ್ಟೆ ‘ದೇಸಿ’ ಅಂಗಡಿಗಳಲ್ಲಿ ಮಾರಾಟವಾಯಿತು. 2020ರ ಕೊರೊನಾ ಕಾಲದಲ್ಲಿ ಸಂಘ ದೊಡ್ಡ ಬಿಕ್ಕಟ್ಟಿಗೆ ಸಿಕ್ಕಿದ್ದೂ ನಿಮಗೆ ಗೊತ್ತು. ಅದೇ ಕಾಲದಲ್ಲಿ ಬೆಂಗಳೂರಿನ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. ಮನೆಯಿಂದ ಕೆಲಸ ಎಂದರೆ ತಾಯಂದಿರಿಗೆ ವರ ಎಂದು ನಾನು ಒಪ್ಪುವುದಿಲ್ಲ. ಮಗು ಕಾಲಿಗೆ ತೆಕ್ಕೆಬಿದ್ದಿರುವಾಗ ಮೀಟಿಂಗಿನಲ್ಲಿ ಕೂರುವವಳಿಗೂ ಕೂಸು ಹಿಡಿಯುವವರು ಬೇಕೇ ಬೇಕು.

ಇಷ್ಟು ಹೊತ್ತು ಅಜ್ಜಿ, ಅಕ್ಕ, ಟೀಚರ್ ಎಂದೆ. ಅಪ್ಪ ಎಲ್ಲಿ? ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 2019ರಲ್ಲಿ ಮನೆಗೆಲಸ ಮಾಡುವ ಹೆಣ್ಣು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದಳು, ಮಾಡುವ ಗಂಡು 97. 2024ರ ಸಮೀಕ್ಷೆಯಲ್ಲಿ ಹೆಣ್ಣಿನದು 289ಕ್ಕೆ ಇಳಿಯಿತು, ಗಂಡಿನದೂ 88ಕ್ಕೆ ಇಳಿಯಿತು. ಹೆಣ್ಣಿನ ಹತ್ತು ನಿಮಿಷವನ್ನು ಮಿಕ್ಸಿ, ಗ್ಯಾಸು, ನಲ್ಲಿ ಉಳಿಸಿರಬಹುದು, ಗಂಡ ಹಂಚಿಕೊಂಡದ್ದಲ್ಲ ಎಂಬುದು ಸ್ಪಷ್ಟ. ನಾರ್ವೆಯಲ್ಲಿ 1993ರಿಂದ ಅಪ್ಪನೇ ತೆಗೆದುಕೊಳ್ಳಬೇಕಾದ, ತೆಗೆದುಕೊಳ್ಳದಿದ್ದರೆ ಕೈತಪ್ಪಿಹೋಗುವ ರಜೆ ಇದೆ. ನಮ್ಮಲ್ಲಿ ಸರ್ಕಾರಿ ನೌಕರರಿಗೆ ಹದಿನೈದು ದಿನದ ಪಿತೃತ್ವ ರಜೆ, ಖಾಸಗಿಯವರಿಗೆ ಕಾನೂನಿನಲ್ಲಿ ಅದೂ ಇಲ್ಲ. ಈ ಸಭೆಯಲ್ಲಿರುವ ಯುವಕರಿಗೆ ನೇರವಾಗಿ ಹೇಳುತ್ತೇನೆ: ಆ ಹದಿನೈದು ದಿನದಲ್ಲಿ ಕೂಸಿಗೆ ಸ್ನಾನ ಮಾಡಿಸುವುದನ್ನು ಕಲಿಯಿರಿ. ನಾಮಕರಣದ ಓಡಾಟಕ್ಕೆ ಅದನ್ನು ಖರ್ಚು ಮಾಡಬೇಡಿ.

ಕೊನೆಯದಾಗಿ ಒಂದು ಕೆಲಸದ ಮಾತು. ನಮ್ಮ ಮೂರು ತಾಲ್ಲೂಕುಗಳು ಸಹಕಾರಿ ಸಂಘಗಳ ನಾಡು. ಅಡಿಕೆ ಮಾರುವ ಸಂಘ, ಸೇವಾ ಸಹಕಾರಿ, ಪಟ್ಟಣ ಸಹಕಾರಿ ಬ್ಯಾಂಕು, ಹಾಲಿನ ಡೈರಿ ಎಲ್ಲ ಇವೆ. ಇವುಗಳ ಲಾಭದಲ್ಲಿ ಹೆಂಗಸರ ನಿದ್ದೆಗೆಟ್ಟ ರಾತ್ರಿಗಳ ಪಾಲಿದೆ. ಸರ್ಕಾರ ಐವತ್ತು ನೌಕರರ ಲೆಕ್ಕ ಹಿಡಿದು ಕೂತಿರುವಾಗ, ಪೇಟೆಯ ಐದಾರು ಸಂಘ, ಬ್ಯಾಂಕು, ಅಂಗಡಿಗಳು ಒಟ್ಟಾಗಿ ಒಂದು ಶಿಶುಪಾಲನಾ ಕೇಂದ್ರ ನಡೆಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಸಾಗರದಲ್ಲಿ ಒಂದು, ಹೊಸನಗರದಲ್ಲಿ ಒಂದು, ತೀರ್ಥಹಳ್ಳಿಯಲ್ಲಿ ಒಂದು, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆವರೆಗೆ, ಮಳೆ ರಜೆಯ ದಿನವೂ ತೆರೆದಿರುವಂಥದ್ದು. ಸುಲಿತದ ಕಾಲಕ್ಕೆ ಹಳ್ಳಿಗಳಲ್ಲಿ ರಾತ್ರಿ ಹತ್ತರವರೆಗೆ ತೆರೆದಿರುವ ತಾತ್ಕಾಲಿಕ ಕೂಸಿನ ಮನೆಗಳು. ಸಂಘಗಳ ವಾರ್ಷಿಕ ಮಹಾಸಭೆಗಳು ಸೆಪ್ಟೆಂಬರಿನ ಹೊತ್ತಿಗೆ ನಡೆಯುತ್ತವೆ. ವಿಷಯ ಕಾರ್ಯಸೂಚಿಗೆ ಬರಬೇಕಾದರೆ ಸದಸ್ಯರು ಮುಂಚಿತವಾಗಿ ಬರೆದು ಕೊಡಬೇಕು. ಅಂಥ ಅರ್ಜಿಯ ಕರಡನ್ನು ನಾನು ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿದೆ. ಷೇರು ಇರುವ ಹೆಂಗಸರು ಅವರವರ ಸಂಘದ ಹೆಸರು, ಸದಸ್ಯತ್ವದ ಸಂಖ್ಯೆ ತುಂಬಿ ಸಹಿ ಮಾಡಿ. ಷೇರು ಗಂಡನ ಹೆಸರಿನಲ್ಲಿದ್ದರೆ ಅವರಿಂದ ಮಾಡಿಸಿ.